62 ಪರ್ಸೆಂಟಿನ ಕೊಲೆಗಾರ

ಕೊಲೆಗಾರ ಸಿಕ್ಕಿಬಿದ್ದ. ಮಳೆಯಲ್ಲಿ ಓಡಿ, ಬೇಲಿ ಹಾರಿ, ಕೆಸರಿನಲ್ಲಿ ಜಾರಿ ಬಿದ್ದು, ಕೈಗೆ ಬೇಡಿ ಹಾಕಿಸಿಕೊಂಡು, 'ಹೌದು, ನಾನೇ ಕೊಂದೆ' ಎಂದು ಗೋಳೋ ಎಂದು ಅತ್ತ. ಇನ್ಸ್‌ಪೆಕ್ಟರ್ ಹೆಂಗಸು ನಿಟ್ಟುಸಿರು ಬಿಟ್ಟು ಸಿಗರೇಟು ಹಚ್ಚಿದಳು. ನಾನು ಇ-ರೀಡರಿನ ಕೆಳಮೂಲೆಗೆ ಕಣ್ಣು ಹಾಯಿಸಿದೆ. 62 ಪರ್ಸೆಂಟ್. ಅಲ್ಲಿಗೆ ಮುಗಿಯಿತು. ಪಾಪ, ಆ ಪ್ರಾಣಿ ನಿರಪರಾಧಿ. ಇನ್ನೂ 38 ಪರ್ಸೆಂಟ್ ಪುಸ್ತಕ ಬಾಕಿ ಇರುವಾಗ ಯಾವ ಲೇಖಕ ತಾನೇ ಅಸಲಿ ಕೊಲೆಗಾರನನ್ನು ಹಿಡಿದುಕೊಡುತ್ತಾನೆ? ಇಪ್ಪತ್ತು ವರ್ಷ ಸರ್ವೀಸಾದ ಇನ್ಸ್‌ಪೆಕ್ಟರಿಗೆ ತಿಳಿಯದ್ದು ದಿಂಬಿಗೆ ಒರಗಿದ್ದ ನನಗೆ ತಿಳಿಯಿತು, ಅದೂ ತಲೆಯನ್ನು ಒಂದಿಷ್ಟೂ ಉಪಯೋಗಿಸದೆ.

ಕಾಗದದ ಪುಸ್ತಕದಲ್ಲೂ ಬಲಗೈಗೆ ಉಳಿದ ಹಾಳೆಗಳ ದಪ್ಪ ತಿಳಿಯುತ್ತಿತ್ತು, ನಿಜ. ಆದರೆ ಬೆರಳಿಗೆ ಅಂದಾಜು ಸಿಗುವುದು ಬೇರೆ, ಹೀಗೆ ಗುಮಾಸ್ತನ ಹಾಗೆ ಲೆಕ್ಕ ಒಪ್ಪಿಸುವುದು ಬೇರೆ. ಸೆಟ್ಟಿಂಗಿಗೆ ಹೋಗಿ ಅದನ್ನು ಮುಚ್ಚಬಹುದು ಎಂದು ಮಗಳು ತೋರಿಸಿಕೊಟ್ಟಳು. ಮುಚ್ಚಿದೆ. ರಾತ್ರಿ ಹನ್ನೊಂದೂವರೆಗೆ ಇನ್ನೆಷ್ಟು ಉಳಿದಿದೆ, ಮುಗಿಸಿ ಮಲಗುವುದೋ ನಾಳೆಗೆ ಇಡುವುದೋ ಗೊತ್ತಾಗದೆ ಮತ್ತೆ ತೆರೆದೆ.

'ಬೋನಿಗೆ ಇಲಿ ಬಿದ್ದರೆ ಮುಖ ತಿರುಗಿಸ್ತೀಯ. ರಾತ್ರಿ ಊಟ ಆದಮೇಲೆ ಮಾತ್ರ ನಾಲ್ಕು ಹೆಣ ಬೀಳದಿದ್ರೆ ನಿನಗೆ ನಿದ್ದೆ ಬರಲ್ಲ. ಏನಿದರ ಮರ್ಮ?' ಎಂದು ನಮ್ಮ ಮನೆಯವರು ಕೇಳುತ್ತಾರೆ. ಇದಕ್ಕೆ ನನ್ನ ಹತ್ತಿರ ಒಂದು ಉತ್ತರ ಇದೆ. ಹೇಳುತ್ತೇನೆ. ಅದಕ್ಕೆ ಮೊದಲು ಒಂದೆರಡು ತಕರಾರು.

ಈಚಿನ ಥ್ರಿಲ್ಲರುಗಳ ಮುಖಪುಟ ನೋಡಿದ್ದೀರಾ? 'ನೀವು ಊಹಿಸಲಾರದ ತಿರುವು' ಎಂದು ಅಲ್ಲೇ ಅಚ್ಚುಹಾಕಿರುತ್ತಾರೆ. ಒಳ್ಳೆ ಕತೆಯಾಯಿತು! ತಿರುವು ಇದೆ ಎಂದು ಮೊದಲೇ ಡಂಗುರ ಸಾರಿದ ಮೇಲೆ ನಾನು ಕತೆ ಓದುತ್ತೇನೋ, ತಿರುವಿಗೆ ಕಾಯುತ್ತೇನೋ? ಪ್ರೀತಿಯ ಗಂಡ ಎಂದರೆ ಅವನ ಮೇಲೆ ಅನುಮಾನ. ಗಂಡನ ಮೇಲೆ ಅನುಮಾನ ಬರುವ ಹಾಗೆ ಬರೆದಿದ್ದರೆ ಪಕ್ಕದ ಮನೆಯ ಗೆಳತಿಯ ಮೇಲೆ. ಯಾರ ಮೇಲೂ ಬರದಿದ್ದರೆ ಕತೆ ಹೇಳುತ್ತಿರುವವಳ ಮೇಲೇ.

ಇದಕ್ಕೆಲ್ಲ ಮೂಲ ಗಿಲಿಯನ್ ಫ್ಲಿನ್ 2012ರಲ್ಲಿ ಬರೆದ 'ಗಾನ್ ಗರ್ಲ್' ಎಂದು ನನ್ನ ಗುಮಾನಿ. ಆ ಪುಸ್ತಕದ ಬಗ್ಗೆ ನನಗೆ ದೂರಿಲ್ಲ. ಗಂಡನ ಮಾತು ಒಂದು ಅಧ್ಯಾಯ, ಹೆಂಡತಿಯ ಮಾತು ಒಂದು ಅಧ್ಯಾಯ, ಎರಡನ್ನೂ ನಂಬುವ ಹಾಗಿಲ್ಲ. ಅದಕ್ಕಿಂತ ಹೆಚ್ಚಾಗಿ, ದೊಡ್ಡ ತಿರುವನ್ನು ಆಕೆ ಕೊನೆಗೆ ಬಚ್ಚಿಡದೆ ಪುಸ್ತಕದ ನಡುಮಧ್ಯೆ ತಂದು ಇಡುತ್ತಾಳೆ, ಆಮೇಲೇ ನಿಜವಾದ ಭಯ ಶುರುವಾಗುತ್ತದೆ. ಆದರೆ ಅವಳ ಹಿಂದೆ ಬಂದವರು? 2015ರ 'ದ ಗರ್ಲ್ ಆನ್ ದ ಟ್ರೇನ್'ನಲ್ಲಿ ಹೇಳುವವಳು ಕುಡಿಯುತ್ತಾಳೆ, ಅದಕ್ಕೇ ಆ ರಾತ್ರಿ ನಡೆದದ್ದು ನೆನಪಿಲ್ಲ. 2018ರ 'ದ ವುಮನ್ ಇನ್ ದ ವಿಂಡೋ'ದಲ್ಲೂ ಅವಳು ಕುಡಿಯುತ್ತಾಳೆ, ಮೇಲೆ ಗುಳಿಗೆ, ಕಿಟಕಿಯಿಂದ ಕಂಡದ್ದು ನಿಜವೋ ಸುಳ್ಳೋ ತಿಳಿಯದು. ಅಲ್ಲಮ್ಮ, ನಿನಗೇ ನೆನಪಿಲ್ಲದ ಮೇಲೆ ನಾನು ಯಾವ ಸುಳಿವು ಹಿಡಿದು ಹುಡುಕಲಿ? 350ನೇ ಪುಟದಲ್ಲಿ ನಿನಗೆ ನೆನಪು ಬರುವ ತನಕ ನಾನು ಬಾಯಿ ಮುಚ್ಚಿಕೊಂಡು ಕೂತಿರಬೇಕು. 1929ರಲ್ಲಿ ರೊನಾಲ್ಡ್ ನಾಕ್ಸ್ ಎಂಬ ಪಾದ್ರಿ ಪತ್ತೇದಾರಿ ಕತೆಗಾರರಿಗೆ ಹತ್ತು ಕಟ್ಟಲೆ ಬರೆದಿಟ್ಟಿದ್ದರು: ಸುಳಿವನ್ನು ಓದುಗನಿಂದ ಮುಚ್ಚಿಡಬಾರದು, ಗುಪ್ತದಾರಿ ಒಂದಕ್ಕಿಂತ ಹೆಚ್ಚು ಇರಬಾರದು, ಮೊದಲೇ ಸೂಚನೆ ಕೊಡದೆ ಅವಳಿಜವಳಿಗಳನ್ನು ತರಬಾರದು, ಹೀಗೆ. ಮರೆವಿನ ರೋಗದ ಬಗ್ಗೆ ಪಾಪ ಪಾದ್ರಿಗೆ ಹೊಳೆಯಲಿಲ್ಲ.

ಓದುಗರಿಗೂ ಒಂದು ಕೆಲಸ ಇರಬೇಕು ಎಂಬ ಈ ಹಟ ನನಗೆ ಬಂದದ್ದು ನಾಗತ್ತೆಯಿಂದ. ಅಪ್ಪನ ಅಕ್ಕ. ಚಿಕ್ಕ ವಯಸ್ಸಿಗೇ ಗಂಡನನ್ನು ಕಳೆದುಕೊಂಡು ನಮ್ಮ ಮನೆಯಲ್ಲೇ ಇದ್ದವರು. ಬಸ್‌ಸ್ಟ್ಯಾಂಡಿನ ಹತ್ತಿರ ಬಾಡಿಗೆ ಪುಸ್ತಕದ ಅಂಗಡಿ ಇತ್ತು. ದಿನಕ್ಕೆ ಹತ್ತು ಪೈಸೆ. ಪುಸ್ತಕ ಹರಿದಷ್ಟೂ ಅಂಗಡಿಯವರು ದಬ್ಬಣದಿಂದ ತೂತು ಮಾಡಿ, ಗೋಣಿದಾರದಲ್ಲಿ ಹೊಲಿದು, ಹಳೇ ಕ್ಯಾಲೆಂಡರಿನ ಲಕ್ಷ್ಮಿಯನ್ನೋ ಮುರುಗನನ್ನೋ ಮೇಲೆ ಅಂಟಿಸಿ ಕೊಡುತ್ತಿದ್ದರು. ಒಂದೊಂದು ಹೊಲಿಗೆಗೂ ಒಳಗಿನ ಅಂಚಿನ ಎರಡೆರಡು ಅಕ್ಷರ ಮಾಯ. ನಾವು ಅಕ್ಷರ ತುಂಬಿಸಿಕೊಂಡೇ ಓದು ಕಲಿತವರು. ಹಾಗೆ ಬಂದ ಒಂದು ಪುಸ್ತಕಕ್ಕೆ ಮೊದಲ ಹಾಳೆಯೂ ಇರಲಿಲ್ಲ, ಕೊನೆಯವೂ ಇರಲಿಲ್ಲ. 'ಇದು ಎನ್. ನರಸಿಂಹಯ್ಯನವರದೇ' ಎಂದು ಅಪ್ಪ. ಐನೂರಕ್ಕೂ ಮೇಲೆ ಕಾದಂಬರಿ ಬರೆದವರು, ಪತ್ತೇದಾರ ಪುರುಷೋತ್ತಮನನ್ನು ಹುಟ್ಟಿಸಿದವರು. ಅವರದೇ ಎಂದರೆ ಸರಿಯಾಗುವ ಸಂಭವವೇ ಜಾಸ್ತಿ. 'ಅಲ್ಲ, ಮ. ರಾಮಮೂರ್ತಿಯವರದು' ಎಂದು ಚಿಕ್ಕಪ್ಪ. ಹಳದಿ ಕೆಂಪು ಕನ್ನಡ ಬಾವುಟವನ್ನು ರೂಪಿಸಿದವರು ಅವರು ಎಂಬ ಅಭಿಮಾನಕ್ಕೆ ಚಿಕ್ಕಪ್ಪ ಒಳ್ಳೆಯ ಪತ್ತೇದಾರಿ ಕಾದಂಬರಿಯನ್ನೆಲ್ಲ ಅವರ ಖಾತೆಗೇ ಹಾಕುತ್ತಿದ್ದರು.

ಕತೆ ಇಷ್ಟು. ಕಾಫಿ ಎಸ್ಟೇಟಿನ ಯಜಮಾನರು ಶನಿವಾರ ರಾತ್ರಿ ಹಾಲು ಕುಡಿದು ಸತ್ತಿದ್ದಾರೆ. ಮನೆಯಲ್ಲಿ ಇದ್ದವರು ಅಳಿಯ, ಮೇನೇಜರು, ಡಾಕ್ಟರು, ಯಜಮಾನರ ಅತ್ತಿಗೆ. ಪತ್ತೇದಾರ ಎಲ್ಲರನ್ನೂ ಹಾಲ್‌ಗೆ ಕರೆಸಿ, ಬಾಗಿಲ ಚಿಲಕ ಹಾಕಿ, 'ಕೊಲೆಗಾರ ಈ ಕೋಣೆಯಲ್ಲೇ ಇದ್ದಾನೆ' ಎನ್ನುತ್ತಾನೆ. ಅಲ್ಲಿಗೆ ಹಾಳೆ ಖತಂ. ನಾಗತ್ತೆ ಒಂದು ಕ್ಷಣವೂ ತಡಮಾಡಲಿಲ್ಲ. 'ಅತ್ತಿಗೆ' ಎಂದರು.

'ಅದು ಹೇಗೆ?'

'ಶನಿವಾರ ಒಪ್ಪತ್ತು ಮಾಡ್ತೀನಿ, ಸಂಜೆಯೆಲ್ಲ ಆಂಜನೇಯನ ಗುಡೀಲಿದ್ದೆ ಅಂತ ಪೋಲೀಸರ ಹತ್ರ ಹೇಳ್ತಾಳಲ್ಲ? ಎರಡು ಅಧ್ಯಾಯ ಹಿಂದೆ ಹೋಗಿ ನೋಡು. ಅದೇ ರಾತ್ರಿ ಅಡಿಗೆಯವನು ಅವಳ ಕೋಣೆಗೆ ತಟ್ಟೇಲಿ ಉಪ್ಪಿಟ್ಟು ತಗೊಂಡು ಹೋಗ್ತಾನೆ. ಉಪ್ಪಿಟ್ಟು ತಿನ್ನಲಿ, ಬೇಡ ಅನ್ನಲ್ಲ. ಆದರೆ ಈರುಳ್ಳಿ ಹುರಿಯೋ ವಾಸನೆ ಬಂತು ಅಂತ ಬರೆದಿದೆ. ಒಪ್ಪತ್ತಿನ ದಿನ ಈರುಳ್ಳಿ ಹಾಕಿದ ಉಪ್ಪಿಟ್ಟು ತಿನ್ನೋಳು ಯಾವ ಆಂಜನೇಯನ ಗುಡಿಗೆ ಹೋಗಿದ್ಲು?'

ಮನೆ ಮನೆಯೇ ದಂಗಾಯಿತು. ಸುದ್ದಿ ವಠಾರಕ್ಕೆ ಹೋಯಿತು. ಪೋಸ್ಟ್‌ಮಾಸ್ಟರ ಹೆಂಡತಿ ಮಾತ್ರ ಒಪ್ಪಲಿಲ್ಲ. 'ಇದ್ದಾನೆ ಅಂತ ಇದೆಯಲ್ಲ ನಾಗಮ್ಮಾರೆ, ಅತ್ತಿಗೆ ಹೇಗಾಗ್ತಾಳೆ?' ಎಂದು ವ್ಯಾಕರಣ ಎತ್ತಿದರು. 'ಅವಳು ಹುಷಾರಾಗದಿರಲಿ ಅಂತ ಬೇಕೂಂತ್ಲೇ ಹಾಗಂದಿದಾನೆ. ಅಷ್ಟೂ ತಿಳೀದೇ ಅವನು ಪತ್ತೇದಾರ ಆದ್ನಾ?' ಎಂದು ನಾಗತ್ತೆ. ಇಬ್ಬರ ನಡುವೆ ಕಾಫಿಪುಡಿ, ಸಕ್ಕರೆ, ಕರಿಬೇವು ಎಲ್ಲ ಸಾಲ ಕೊಡುವುದು ನಿಂತುಹೋಯಿತು. ಬಾವಿಕಟ್ಟೆಯಲ್ಲಿ ಒಬ್ಬರು ಇದ್ದರೆ ಇನ್ನೊಬ್ಬರು ಬಿಂದಿಗೆ ವಾಪಸ್ ಒಯ್ಯುತ್ತಿದ್ದರು. ನಮ್ಮಮ್ಮನಿಗೆ ಇದರಿಂದ ಆದ ಕಷ್ಟ ಅಷ್ಟಿಷ್ಟಲ್ಲ. ಪೋಸ್ಟ್‌ಮಾಸ್ಟರ ಮನೆಯಲ್ಲಿ ಮಾತ್ರ ಒಳ್ಳೆಯ ಹೆಪ್ಪು ಸಿಗುತ್ತಿತ್ತು. ನಾಗತ್ತೆಗೆ ಕಾಣದ ಹಾಗೆ ಲೋಟವನ್ನು ಸೆರಗಿನಲ್ಲಿ ಮುಚ್ಚಿಕೊಂಡು ಹೋಗಿ ತರಬೇಕಾಗಿತ್ತು.

ಕೊನೆಗೆ ತಿಪಟೂರಿನ ನೆಂಟರ ಮನೆಯಲ್ಲಿ ಅದೇ ಪುಸ್ತಕದ ಪೂರ್ತಿ ಪ್ರತಿ ಸಿಕ್ಕಿತು. ಪೋಸ್ಟ್‌ಮಾಸ್ಟರ ಹೆಂಡತಿಯೇ ತರಿಸಿದ್ದು. ಕೊಲೆಗಾರ ಡಾಕ್ಟರು. ಪುಸ್ತಕವನ್ನು ಹುಡುಗರ ಕೈಯಲ್ಲಿ ಕಳಿಸಿ, ತಾವು ಬಾಗಿಲ ಸಂದಿಯಿಂದ ನೋಡುತ್ತ ನಿಂತರು. ನಾಗತ್ತೆ ಕನ್ನಡಕ ಹಾಕಿಕೊಂಡು ಕೊನೆಯ ಹಾಳೆಗಳನ್ನು ಓದಿದರು. ಎರಡು ಸಲ ಓದಿದರು. ಮಡಿಸಿಟ್ಟು, ವಠಾರಕ್ಕೆಲ್ಲ ಕೇಳುವ ಹಾಗೆ ಹೇಳಿದರು: 'ಪಾಪ, ಡಾಕ್ಟರನ್ನ ಸುಮ್‌ಸುಮ್ನೆ ಹಿಡ್ಕೊಂಡು ಹೋಗಿದಾರೆ. ಬರೆದೋರಿಗೆ ಅಡಿಗೆಮನೆ ವಿಷಯ ಗೊತ್ತಿಲ್ಲ.' ಈರುಳ್ಳಿಯ ಪ್ರಶ್ನೆಗೆ ಆ ಕೊನೆಯ ಹಾಳೆಗಳಲ್ಲಿ ಉತ್ತರವೇ ಇರಲಿಲ್ಲ, ನಾನೂ ನೋಡಿದೆ. ಸಾಯುವ ತನಕ ನಾಗತ್ತೆ ತೀರ್ಪು ಬದಲಿಸಲಿಲ್ಲ. ಮಾತಿನ ನಡುವೆ ಯಾರಾದರೂ ಕೋರ್ಟು ಕಚೇರಿ ಎಂದರೆ, 'ಆ ಡಾಕ್ಟರ ಗತಿ ನೋಡಿದ್ರಲ್ಲ' ಎನ್ನುತ್ತಿದ್ದರು.

ನಾಗತ್ತೆ ಹೋಗಿ ಎಷ್ಟೋ ವರ್ಷದ ಮೇಲೆ ನನಗೆ ತಿಳಿಯಿತು, ಪ್ಯಾರಿಸ್ಸಿನಲ್ಲಿ ಪಿಯರ್ ಬಯಾರ್ ಎಂಬ ಸಾಹಿತ್ಯದ ಪ್ರೊಫೆಸರೊಬ್ಬರು 1998ರಲ್ಲಿ ಇದೇ ಕೆಲಸಕ್ಕೆ ಒಂದು ಪುಸ್ತಕ ಮೀಸಲಿಟ್ಟಿದ್ದಾರೆ ಎಂದು. ಅಗಾಥಾ ಕ್ರಿಸ್ಟಿ 1926ರಲ್ಲಿ ಬರೆದ ರಾಜರ್ ಆಕ್ರಾಯ್ಡ್ ಕೊಲೆಯ ಕಾದಂಬರಿ ಇದೆಯಲ್ಲ, ಅದರಲ್ಲಿ ಪತ್ತೇದಾರ ಪ್ವಾರೋ ಹಿಡಿದದ್ದು ತಪ್ಪು ಮನುಷ್ಯನನ್ನು ಎಂದು ಅವರ ವಾದ. ಪುಟ ಪುಟ ತೆಗೆದು ತೋರಿಸುತ್ತಾರೆ. ಅದು ಸಾಲದೆಂದು ಹತ್ತು ವರ್ಷ ಬಿಟ್ಟು ಬಾಸ್ಕರ್‌ವಿಲ್ಲಿನ ನಾಯಿಯ ಕೇಸನ್ನೂ ಮತ್ತೆ ತೆರೆಸಿ, ಷೆರ್ಲಾಕ್ ಹೋಮ್ಸನೂ ಎಡವಿದ ಎಂದರು. ಇದಕ್ಕೆ ಅಲ್ಲಿ ವಿಮರ್ಶೆ ಎಂದು ಮರ್ಯಾದೆ ಇದೆ. ನಮ್ಮ ವಠಾರದಲ್ಲಿ ಇದಕ್ಕೆ ಮೊಂಡುತನ ಎಂದರು. ನಾಗತ್ತೆ ಫ್ರಾನ್ಸಿನಲ್ಲಿ ಹುಟ್ಟಬೇಕಿತ್ತು, ಈರುಳ್ಳಿ ಅಲ್ಲೂ ಬೆಳೆಯುತ್ತದೆ.

ಈಗ ಹೇಳಿ, ಹಿಂದಿನ ತಿಂಗಳು ಓದಿದ ಥ್ರಿಲ್ಲರಿನ ಯಾವ ಕೊಲೆಯ ಬಗ್ಗೆ ನೀವು ಅಕ್ಕಪಕ್ಕದವರ ಜೊತೆ ಹೆಪ್ಪು ಬಿಡುವಷ್ಟು ಜಗಳ ಆಡಬಲ್ಲಿರಿ? ಕೊಲೆಗಾರನ ಹೆಸರೇ ನನಗೆ ಮರೆತುಹೋಗಿರುತ್ತದೆ. ಮೂರು ಪುಟಕ್ಕೊಂದು ಅಧ್ಯಾಯ, ಅಧ್ಯಾಯಕ್ಕೊಂದು ಬಾಗಿಲು ಬಡಿಯುವ ಸದ್ದು. ಚುರುಮುರಿ ತಿಂದ ಹಾಗೆ ಕೈ ನಿಲ್ಲುವುದಿಲ್ಲ, ಪೊಟ್ಟಣ ಖಾಲಿಯಾದ ಮೇಲೆ ಹೊಟ್ಟೆಯಲ್ಲೂ ಏನೂ ನಿಲ್ಲುವುದಿಲ್ಲ. ಅದಕ್ಕೆ ವಿರುದ್ಧ ಕಡೆಯಿಂದ ಕೋಪ ಬರಿಸುವುದು ಕೆ. ಜೆ. ರೌಲಿಂಗ್ ಅಲ್ಲ, ಜೆ. ಕೆ. ರೌಲಿಂಗ್ ಅವರು (ಈ ಹೆಸರು ನನ್ನ ಬಾಯಲ್ಲಿ ಯಾವಾಗಲೂ ತಿರುವುಮುರುವು) ರಾಬರ್ಟ್ ಗಾಲ್‌ಬ್ರೈತ್ ಎಂಬ ಹೆಸರಿನಲ್ಲಿ ಬರೆಯುವ ಸ್ಟ್ರೈಕ್ ಕಾದಂಬರಿಗಳು. 2020ರದ್ದು 900 ಪುಟ ದಾಟಿತು, 2022ರದ್ದು 1000. ಮಲಗಿ ಓದುತ್ತ ಕೈ ಸೋತು ಮುಖದ ಮೇಲೆ ಬಿದ್ದರೆ ಇನ್ನೊಂದು ಕೇಸು ದಾಖಲಾಗುತ್ತದೆ. ಒಂದು ಹೆಣಕ್ಕೆ ಇಷ್ಟು ಕಾಗದ ಯಾಕೆ ಬೇಕು? ಹಾಗೆಂದು ಬಿಟ್ಟಿದ್ದೇನೆಯೇ, ಇಲ್ಲ. ಪತ್ತೇದಾರ ಸ್ಟ್ರೈಕ್, ಅವನ ಜೊತೆಗಾತಿ ರಾಬಿನ್, ಅವರಿಬ್ಬರ ಮದುವೆ ಯಾವಾಗ ಆಗುತ್ತದೆ ಎಂದು ತಿಳಿಯಬೇಕಲ್ಲ.

ಪರ್ಸೆಂಟಿನ ಆಟಕ್ಕೆ ಸೊಪ್ಪುಹಾಕದ ಒಬ್ಬ ಲೇಖಕರಿದ್ದಾರೆ, ಜಪಾನಿನ ಕೀಗೊ ಹಿಗಾಶಿನೊ. 'ದ ಡಿವೋಷನ್ ಆಫ್ ಸಸ್ಪೆಕ್ಟ್ ಎಕ್ಸ್' ಜಪಾನಿಯಲ್ಲಿ ಬಂದದ್ದು 2005ರಲ್ಲಿ, ಇಂಗ್ಲಿಷಿಗೆ 2011ರಲ್ಲಿ. ಕೊಂದವರು ಯಾರು ಎಂದು ಅದರಲ್ಲಿ ಶುರುವಿಗೇ ಗೊತ್ತಾಗುತ್ತದೆ. ಊಟದ ಡಬ್ಬಿ ಮಾರುವ ಅಂಗಡಿಯಲ್ಲಿ ಕೆಲಸ ಮಾಡುವ ಹೆಂಗಸು, ಪಕ್ಕದ ಮನೆಯ ಗಣಿತದ ಮೇಷ್ಟ್ರು, ನಮ್ಮ ಕಣ್ಣೆದುರೇ ಕೊಲೆ. ಆದರೂ ಕೊನೆಯಲ್ಲಿ ನಾವು ಮೋಸಹೋಗುತ್ತೇವೆ. ಮೇಷ್ಟ್ರು ಬೆಳಿಗ್ಗೆ ಕೆಲಸಕ್ಕೆ ಹೊರಟಾಗ ನದಿಯ ದಂಡೆಯಲ್ಲಿ ಮನೆಯಿಲ್ಲದವರು ಬೀಡುಬಿಟ್ಟಿರುತ್ತಾರೆ, ಅವರಲ್ಲೊಬ್ಬ ಖಾಲಿ ಡಬ್ಬಿಗಳನ್ನು ಜಜ್ಜುತ್ತ ಕೂತಿರುತ್ತಾನೆ. ನಾನು ಅದನ್ನು ಊರಿನ ವರ್ಣನೆ ಎಂದು ದಾಟಿಹೋದೆ. ಇಷ್ಟಕ್ಕಿಂತ ಹೆಚ್ಚು ಹೇಳಿದರೆ ಓದದವರ ಶಾಪ ತಟ್ಟುತ್ತದೆ. ನಾಗತ್ತೆಯಾಗಿದ್ದರೆ ಆ ಡಬ್ಬಿಯವನ ಹತ್ತಿರ ನಿಂತು ವಿಚಾರಿಸಿಕೊಂಡೇ ಮುಂದೆ ಹೋಗುತ್ತಿದ್ದರು.

ನಮ್ಮ ಬೆಂಗಳೂರಿನಲ್ಲೂ ಈಚೆಗೆ ಒಳ್ಳೊಳ್ಳೆಯ ಕೊಲೆಗಳಾಗುತ್ತಿವೆ, ಎಲ್ಲ ಇಂಗ್ಲಿಷಿನಲ್ಲಿ. ಅನಿತಾ ನಾಯರ್ ಅವರ ಇನ್ಸ್‌ಪೆಕ್ಟರ್ ಬೋರೇಗೌಡ 2012ರಲ್ಲಿ ಶಿವಾಜಿನಗರದ ರಂಜಾನ್ ಸಂತೆಯ ನಡುವೆ ತನಿಖೆ ಶುರುಮಾಡಿದ. ಪರಿಸರ ವಿಜ್ಞಾನಿ ಹರಿಣಿ ನಾಗೇಂದ್ರ ಅವರು 2022ರಲ್ಲಿ ಬರೆದ 'ದ ಬ್ಯಾಂಗಲೋರ್ ಡಿಟೆಕ್ಟಿವ್ಸ್ ಕ್ಲಬ್' ನಡೆಯುವುದು 1921ರಲ್ಲಿ. ಡಾಕ್ಟರ ಹೆಂಡತಿ ಕಾವೇರಿ ಗಣಿತ ಬಲ್ಲವಳು, ಸೀರೆ ಉಟ್ಟೇ ಈಜುವವಳು, ಸೆಂಚುರಿ ಕ್ಲಬ್ಬಿನ ಪಾರ್ಟಿಯಲ್ಲಿ ಹೆಣ ಬಿದ್ದರೆ ಸೆರಗು ಸಿಕ್ಕಿಸಿ ಹೊರಡುತ್ತಾಳೆ. ಪುಸ್ತಕದ ಕೊನೆಗೆ ಅಡಿಗೆ ಮಾಡುವ ವಿಧಾನವನ್ನೂ ಕೊಟ್ಟಿದ್ದಾರೆ. ಅಡಿಗೆಮನೆ ಗೊತ್ತಿರುವ ಪತ್ತೇದಾರಿ ಲೇಖಕಿ ಕೊನೆಗೂ ಬಂದರು. ಆದರೆ ಬೋರೇಗೌಡನೂ ಕಾವೇರಿಯೂ ತಮ್ಮೂರಿನಲ್ಲೇ ಇಂಗ್ಲಿಷಿನಲ್ಲಿ ಪಾಟೀಸವಾಲು ಮಾಡುವಾಗ ನನ್ನ ಕಿವಿಗೆ ಸಂಕಟ. ದಿನಕ್ಕೆ ಹತ್ತು ಪೈಸೆಗೆ ವಾರಕ್ಕೆ ಮೂರು ಕೊಲೆ ಓದುತ್ತಿದ್ದ ಭಾಷೆ ಇದು. ಈಗ ಕನ್ನಡದ ಪುಸ್ತಕದಂಗಡಿಗೆ ಹೋಗಿ ಹೊಸ ಪತ್ತೇದಾರಿ ಕಾದಂಬರಿ ಇದೆಯೇ ಎಂದು ಕೇಳಿದರೆ, 'ಮಕ್ಕಳಿಗಾ ಮೇಡಂ?' ಎನ್ನುತ್ತಾನೆ ಹುಡುಗ. ನನಗೆ ಕಣೋ. ನನಗೇ.

ನಮ್ಮ ಮನೆಯವರ ಪ್ರಶ್ನೆಗೆ ಉತ್ತರ ಹೇಳಬೇಕಿತ್ತು. ಅದು ರಿಚರ್ಡ್ ಓಸ್ಮನ್ ಅವರ ಪುಸ್ತಕಗಳಲ್ಲಿ ಎಲ್ಲೋ ಇದೆ ಎಂದು ನನಗೆ ಅನಿಸಿತ್ತು. 2020ರಲ್ಲಿ ಶುರುವಾದ ಸರಣಿ. ಇಂಗ್ಲೆಂಡಿನ ಕೆಂಟ್ ಕಡೆಯ ವೃದ್ಧರ ವಸತಿಯಲ್ಲಿ ನಾಲ್ವರು ಪ್ರತಿ ಗುರುವಾರ ಸೇರಿ ಹಳೇ ಕೊಲೆಗಳ ಫೈಲು ಬಿಚ್ಚುತ್ತಾರೆ. ಎಲ್ಲರೂ ಅತಿ ಮುದ್ದು, ಯಾರ ಮಂಡಿನೋವೂ ಕತೆಗೆ ಅಡ್ಡ ಬರುವುದಿಲ್ಲ, ಅದು ಸುಳ್ಳು. ಆದರೆ ಆ ನಾಲ್ವರಲ್ಲಿ ಒಬ್ಬಳಾದ ಎಲಿಜಬೆತ್ತಳ ಗಂಡ ಸ್ಟೀಫನ್‌ಗೆ ನೆನಪು ಒಂದೊಂದಾಗಿ ಜಾರುತ್ತಿದೆ, ಅವರ ಗೆಳೆಯ ಬೊಗ್ದಾನ್ ಬಂದು ಅವನ ಜೊತೆ ಚೆಸ್ ಆಡುತ್ತಾನೆ. ಆ ಪುಟಗಳು ಬಂದಾಗ ನಾನು ಕೊಲೆಯನ್ನು ಮರೆತೆ, ಪರ್ಸೆಂಟ್ ನೋಡುವುದನ್ನೂ ಮರೆತೆ. ಹಾಗಾದರೆ ನಾನು ಓದುವುದು ಕೊಲೆಗಲ್ಲವೇನೋ ಎಂದು ಮನೆಯವರಿಗೆ ಹೇಳಹೋದೆ. 'ಮತ್ತೆ ಚೆಸ್‌ಗಾ?' ಎಂದರು. ಇಂಥವರಿಗೆ ಏನು ಹೇಳುವುದು.

2025ರಲ್ಲಿ ಬಂದ ಐದನೆಯ ಪುಸ್ತಕವನ್ನು ಮಗಳು ತಂದುಕೊಟ್ಟಿದ್ದಾಳೆ, ಕಾಗದದ್ದೇ. ಆ ನಾಲ್ವರಲ್ಲೇ ಇನ್ನೊಬ್ಬಳಾದ ಜಾಯ್ಸ್‌ಳ ಮಗಳ ಮದುವೆಯಿಂದ ಶುರು. ಮದುವೆಗೆ ಬಂದವನೊಬ್ಬ ಆಗಲೇ ಎಲಿಜಬೆತ್ತಳನ್ನು ಪಕ್ಕಕ್ಕೆ ಕರೆದು ತನ್ನ ಜೀವಕ್ಕೆ ಅಪಾಯ ಎನ್ನುತ್ತಿದ್ದಾನೆ. ಸ್ವಲ್ಪ ತಾಳಪ್ಪ, ಮೊದಲು ಹುಡುಗಿಯ ಮದುವೆ ಆಗಲಿ.