ಸತ್ಯಾಂಶ: ತೆಂಗಿನೆಣ್ಣೆ ಕುಡಿದರೆ ಮರೆವಿನ ಕಾಯಿಲೆ ಬಾರದೇ?

ಬೆಳಗ್ಗೆ ಎರಡು ಚಮಚ ತೆಂಗಿನೆಣ್ಣೆ ಕುಡಿದರೆ ಡಿಮೆನ್ಶಿಯಾ ಹತ್ತಿರ ಸುಳಿಯದು ಎಂಬ ಸಂದೇಶ ಮಂಗಳೂರು, ಉಡುಪಿಯ ಕುಟುಂಬಗಳ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಹರಿದಾಡುತ್ತಿದೆ. ಇದಕ್ಕೆ ಗಟ್ಟಿಯಾದ ಪುರಾವೆಯಿಲ್ಲ. ಈ ಎಣ್ಣೆಯಿಂದ ದೇಹದಲ್ಲಿ ಉಂಟಾಗುವ ಕೀಟೋನ್‌ಗಳು (ಕೊಬ್ಬಿನಿಂದ ತಯಾರಾಗುವ ರಾಸಾಯನಿಕಗಳು) ಮಿದುಳಿಗೆ ಇಂಧನವಾಗಬಲ್ಲವು ಎಂಬ ಊಹೆಯೇ ಈ ಮಾತಿನ ಮೂಲ. ಆದರೆ ಅದರಲ್ಲಿ ಶೇ 80ಕ್ಕೂ ಹೆಚ್ಚು ಇರುವ ಸ್ಯಾಚುರೇಟೆಡ್ ಕೊಬ್ಬು ಎಲ್‌ಡಿಎಲ್ ಎಂಬ ‘ಕೆಟ್ಟ’ ಕೊಲೆಸ್ಟರಾಲನ್ನು ಏರಿಸುತ್ತದೆ, ನಡುವಯಸ್ಸಿನಲ್ಲಿ ಏರಿದ ಎಲ್‌ಡಿಎಲ್ಲನ್ನು ಲ್ಯಾನ್ಸೆಟ್ ವೈದ್ಯಕೀಯ ಪತ್ರಿಕೆಯ 2024ರ ತಜ್ಞರ ಆಯೋಗ ಡಿಮೆನ್ಶಿಯಾದ ಅಪಾಯಾಂಶಗಳಲ್ಲೊಂದಾಗಿ ಸೇರಿಸಿದೆ. ಪಲ್ಯದ ಒಗ್ಗರಣೆಯ ಎಣ್ಣೆಗೆ ಗಾಬರಿ ಬೇಡ; ಔಷಧವೆಂದು ಕುಡಿಯುವುದು ಬೇಡ.

ಅದೇ ಆಯೋಗ ಗುರುತಿಸಿದ 14 ಅಪಾಯಾಂಶಗಳನ್ನು ಬದುಕಿನುದ್ದಕ್ಕೂ ನಿಭಾಯಿಸಿದರೆ ಸುಮಾರು ಶೇ 45ರಷ್ಟು ಪ್ರಕರಣಗಳನ್ನು ತಡೆಯುವ ಅಥವಾ ಮುಂದೂಡುವ ಸಾಧ್ಯತೆಯಿದೆ. ರಕ್ತದೊತ್ತಡ, ಸಕ್ಕರೆ ಕಾಯಿಲೆ, ಧೂಮಪಾನದ ಮಾತು ಎಲ್ಲರಿಗೂ ಗೊತ್ತು. ನಾವು ಕಡೆಗಣಿಸುವುದು ಕಿವಿಯನ್ನು. ಮಾತು ಸರಿಯಾಗಿ ಕೇಳಿಸದ ಅಜ್ಜ ಮನೆಮಂದಿಯ ಹರಟೆಯಿಂದ ದೂರ ಸರಿದು ಚಾವಡಿಯಲ್ಲಿ ಒಬ್ಬರೇ ಕೂರತೊಡಗುತ್ತಾರೆ. ಶ್ರವಣದೋಷ, ಒಂಟಿತನ ಎರಡೂ ಆ ಪಟ್ಟಿಯಲ್ಲಿವೆ. ಅಂಥವರ ಕಿವಿಯನ್ನು ದಯವಿಟ್ಟು ಪರೀಕ್ಷೆ ಮಾಡಿಸಿ, ಶ್ರವಣಯಂತ್ರ ಕೊಡಿಸಿದ್ದರೆ ಅದು ಕಪಾಟಿನಲ್ಲಿ ಉಳಿಯದಂತೆ ನೋಡಿಕೊಳ್ಳಿ.

ಊಟದಲ್ಲಿ ಒಂದೇ ಪದಾರ್ಥವನ್ನು ನೆಚ್ಚುವುದಕ್ಕಿಂತ ಸೊಪ್ಪು, ಕಾಳು, ಹಣ್ಣು ಹೆಚ್ಚಿಸಿ, ಗಂಜಿಯೊಂದಿಗಿನ ಉಪ್ಪಿನಕಾಯಿ ತಗ್ಗಿಸುವುದು ಒಳ್ಳೆಯದು. ಮೀನು ತಿನ್ನುವವರು ಬೂತಾಯಿಯನ್ನು ಕರಿಯುವ ಬದಲು ಪುಳಿಮುಂಚಿ (ಹುಳಿ-ಖಾರದ ಸಾರು) ಮಾಡಿಕೊಳ್ಳಬಹುದು.