ಸತ್ಯಾಂಶ: ಫ್ರೀಮೇಸನ್ನರು ಸೈತಾನನನ್ನು ಪೂಜಿಸುತ್ತಾರಾ?

ಕಲಬುರಗಿಯ ವಾಟ್ಸಾಪ್ ಗುಂಪುಗಳಲ್ಲಿ ಓಡಾಡುವ ಒಂದು ಮೆಸೇಜ್: ಫ್ರೀಮೇಸನ್ನರು (ಯುರೋಪಿನಲ್ಲಿ ಹುಟ್ಟಿದ ಒಂದು ಹಳೆಯ ಸೋದರ ಸಂಘದವರು, ಚಿಕ್ಕದಾಗಿ ಮೇಸನ್ನರು) ಗುಟ್ಟಾಗಿ ಸೈತಾನನ ಪೂಜೆ ಮಾಡುತ್ತಾರಂತೆ, ಡಾಲರ್ ನೋಟಿನ ಮೇಲಿನ ಕಣ್ಣೇ ಸಾಕ್ಷಿಯಂತೆ.

ಈ ಸೈತಾನನ ಕಥೆಯನ್ನು ಊರೆಲ್ಲ ಹಬ್ಬಿಸಿದವನು ಫ್ರಾನ್ಸಿನ ಬರಹಗಾರ ಲಿಯೋ ಟಾಕ್ಸಿಲ್. 1885ರಿಂದ ಸುಮಾರು 12 ವರ್ಷ ಮೇಸನ್ನರ ವಿರುದ್ಧ ಪುಸ್ತಕ ಬರೆದು ಮಾರಿದ. 1897ರ ಏಪ್ರಿಲ್‌ನಲ್ಲಿ ಪ್ಯಾರಿಸ್‌ನಲ್ಲಿ ಸಭೆ ಕರೆದು, ಅದೆಲ್ಲ ತಾನೇ ಕಟ್ಟಿದ ಕಥೆ ಎಂದು ಒಪ್ಪಿಕೊಂಡ. ಕಟ್ಟಿದವನೇ ಸುಳ್ಳೆಂದರೂ ಜನ ಬಿಡಲಿಲ್ಲ, ವಿಚಿತ್ರ ಅಲ್ವಾ?

ಆ ಕಣ್ಣು 1782ರ ಅಮೆರಿಕದ ಸರ್ಕಾರಿ ಮುದ್ರೆಯದು. ದೇವರ ಕಣ್ಣಿನ ಚಿತ್ರ ಕ್ರೈಸ್ತ ಕಲೆಯಲ್ಲಿ ಅದಕ್ಕಿಂತ ಹಳೆಯದು.

ಸಂಘವೇನೂ ಅಡಗಿ ಕೂತಿಲ್ಲ. ಭಾರತದ ಲಾಡ್ಜ್‌ಗಳ, ಅಂದರೆ ಮೇಸನ್ನರ ಶಾಖೆಗಳ, ಮೇಲಿನ ಸಂಸ್ಥೆ ಗ್ರ್ಯಾಂಡ್ ಲಾಡ್ಜ್ ಆಫ್ ಇಂಡಿಯಾ 1961ರಲ್ಲಿ ಶುರುವಾಯಿತು, ಅದಕ್ಕೆ ವೆಬ್‌ಸೈಟ್ ಕೂಡ ಇದೆ. ಅದಕ್ಕೂ ಮೊದಲೇ ಮೋತಿಲಾಲ್ ನೆಹರು ಫ್ರೀಮೇಸನ್ ಆಗಿದ್ದರು. ಸೇರಲು ದೇವರಲ್ಲಿ ನಂಬಿಕೆ ಇರಬೇಕು, ಯಾವ ಧರ್ಮವಾದರೂ ಸರಿ. ಕೆಲವು ಆಚರಣೆ ಮಾತ್ರ ಒಳಗಿನವರಿಗೇ.

ಹಾಗಂತ ಸಂಘ ಹೇಳಿದ್ದನ್ನೆಲ್ಲ ಸುಮ್ನೆ ನಂಬಬೇಕಿಲ್ಲ. ಇಟಲಿಯ ಪಿ-2 ಎಂಬ ಗುಪ್ತ ಮೇಸನ್ ಲಾಡ್ಜ್‌ನ ಹಗರಣ ನಿಜವೇ. 1981ರಲ್ಲಿ ಪೊಲೀಸರಿಗೆ ಸಿಕ್ಕ ಅದರ ಪಟ್ಟಿಯಲ್ಲಿ ಮಂತ್ರಿಗಳು, ಸೇನಾಧಿಕಾರಿಗಳ ಹೆಸರಿದ್ದವು. ಸಂಘದ ನಿಯಮ ಬೇಕಾದರೆ ಗ್ರ್ಯಾಂಡ್ ಲಾಡ್ಜ್ ಆಫ್ ಇಂಡಿಯಾದ ವೆಬ್‌ಸೈಟ್ ನೋಡಿ. ಇತಿಹಾಸ, ಟೀಕೆ ಬೇಕಾದರೆ ಬ್ರಿಟಾನಿಕಾ ವಿಶ್ವಕೋಶ ಅಥವಾ ಇತಿಹಾಸಕಾರರ ಪುಸ್ತಕ. ಗುಲಬರ್ಗಾ ವಿಶ್ವವಿದ್ಯಾಲಯದ ಗ್ರಂಥಾಲಯದಲ್ಲೂ ಕೇಳಬಹುದು. ಮೆಸೇಜ್‌ನಲ್ಲಿ ಯಾರದೋ ಮಾತು ಇದ್ದರೆ, ಅದು ಯಾವ ಪುಸ್ತಕದ ಯಾವ ಪುಟದ್ದು ಎಂದು ಕಳಿಸಿದವರನ್ನೇ ಕೇಳಿ. ಜಾಸ್ತಿ ಜನ ಅಲ್ಲಿಗೇ ಸುಮ್ಮನಾಗುತ್ತಾರೆ.