ಶನಿ ಗ್ರಹಕ್ಕೆ ಫೋನ್ ಬಂತು

ನಿನ್ನೆ ಎಂಟನೇ ಕ್ಲಾಸಿನಲ್ಲಿ ಶನಿಯ ಬಳೆ ತೋರಿಸುತ್ತಿದ್ದೆ. ಅಷ್ಟರಲ್ಲಿ ಹುಡುಗನ ಕಣ್ಣಿಗಿಟ್ಟ ಡಬ್ಬದೊಳಗಿನ ಫೋನ್ ಬಡಿದುಕೊಂಡಿತು. ತೆಗೆದರೆ, 'ಕಬ್ಬಿನ ಲಾರಿ ಬಂತಾ?' ಅಂತ ಆ ಕಡೆಯಿಂದ ಯಾರೋ. ಅಪ್ಪನ ಫೋನು ಸ್ಕೂಲಿಗೆ ತಂದರೆ ಇನ್ನೇನಾಗುತ್ತೆ?

ಮಂಡ್ಯದ ನಮ್ಮ ಸ್ಕೂಲಿಗೆ ವಿಆರ್, ಅಂದರೆ ತಲೆ ತಿರುಗಿಸಿದತ್ತ ಚಿತ್ರವೂ ತಿರುಗುವ ವರ್ಚುವಲ್ ರಿಯಾಲಿಟಿ, ಬಂದಾಗಿನಿಂದ ಇದೇ ಪಾಡು. 2014ರಲ್ಲಿ ಗೂಗಲ್ ಫೋನ್ ಸಿಕ್ಕಿಸಿ ನೋಡುವ ರಟ್ಟಿನ ಕನ್ನಡಕ ತಂದಿದ್ದೇ ತಂದಿದ್ದು, ಫೋನ್ ಒಂದಿದ್ದರೆ ಸಾಕು ಅಂತ ಎಲ್ಲರೂ ನಂಬಿಬಿಟ್ಟರು. ಫೋನ್ ಎತ್ತ ತಿರುಗಿತು ಅಂತ ತಿಳಿಯೋ ಗೈರೋಸ್ಕೋಪ್ ಅನ್ನೋ ಸೆನ್ಸರ್ ಇಲ್ಲದ ಅಗ್ಗದ ಫೋನಿನಲ್ಲಿ ತಲೆ ತಿರುಗಿಸಿದರೆ ಗ್ರಹ ಕದಲೋದೇ ಇಲ್ಲ ಅಂತ ಯಾರು ಹೇಳಬೇಕು? ಹುಡುಗರು ಮಾತ್ರ ಕತ್ತು ಉಳುಕುವಷ್ಟು ತಿರುಗಿಸುತ್ತಾರೆ, ಪಾಪ.

ಗೈರೋ ಇರೋ ಫೋನಾದರೂ ನೆಟ್ಟಗೆ ನಡೆಯುತ್ತಾ? ಮೊದಲು ಅಪ್‌ಡೇಟ್ ಕೇಳುತ್ತೆ. ಆಮೇಲೆ ಜಾಗ ಇಲ್ಲ ಅನ್ನುತ್ತೆ. ಗ್ಯಾಲರಿ ತುಂಬ ಗುಡ್ ಮಾರ್ನಿಂಗ್ ಹೂವುಗಳು, ಅಳಿಸಿದರೆ ಮನೆಯಲ್ಲಿ ಬೈಗುಳ. ಎಲ್ಲ ಸರಿಹೋಯ್ತು ಅನ್ನುವಾಗ ಸೀರೆ ಜಾಹೀರಾತು. ಸ್ವಲ್ಪ ಹೊತ್ತಿಗೆ ಫೋನು ಕಾದ ಹೆಂಚು. ನೋಡಿದವನಿಗೆ ತಲೆಸುತ್ತು, ನೋಡದವನದು ಜಗಳ.

ಇಷ್ಟರಲ್ಲಿ ಹೆಡ್‌ಮಾಸ್ಟರು ಬರುತ್ತಾರೆ. 'ಫೋಟೋ ತೆಗೆದ್ರಾ ಮೇಡಂ? ಗ್ರೂಪಿಗೆ ಹಾಕಬೇಕು.'

ಯಾವುದರಲ್ಲಿ ತೆಗೀಲಿ ಸಾರ್? ನನ್ನ ಫೋನೂ ಹುಡುಗರ ಮೂಗಿನ ಮೇಲೇ ಇದೆಯಲ್ಲ!